ಆ ಚೂರು ಎಲ್ಲಿಯದು?

ಮನುಷ್ಯನ ದೇಹದಲ್ಲಿ ಸುಮಾರು 37 ಲಕ್ಷ ಕೋಟಿ ಜೀವಕೋಶಗಳಿವೆ ಎಂದು 2013ರಲ್ಲಿ ಒಂದು ಅಂದಾಜು ಪ್ರಕಟವಾಯಿತು. ಅವುಗಳಲ್ಲಿ ಎಷ್ಟು ಬಗೆ, ಯಾವ ಬಗೆಯವು ಎಲ್ಲಿವೆ, ಅವುಗಳ ನೆರೆಯಲ್ಲಿ ಯಾವುವಿವೆ ಎಂದು ಗುರುತಿಸಿ ಇಡೀ ದೇಹದ ನಕ್ಷೆ ಬರೆಯುವ ಕೆಲಸ ಈಗ ಹಲವು ದೇಶಗಳಲ್ಲಿ ನಡೆಯುತ್ತಿದೆ. 2016ರಲ್ಲಿ ಲಂಡನ್ನಿನಲ್ಲಿ ಸೇರಿದ ಸಭೆಯಿಂದ ಹ್ಯೂಮನ್ ಸೆಲ್ ಅಟ್ಲಾಸ್ ಎಂಬ ಜಾಗತಿಕ ಯೋಜನೆ ಹುಟ್ಟಿತು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಹಬ್‌ಮ್ಯಾಪ್ ಎಂಬ ಇನ್ನೊಂದನ್ನು ಆರಂಭಿಸಿದವು. ಇವುಗಳಿಂದ ಹೊರಬರುವ ಬಣ್ಣಬಣ್ಣದ ಚಿತ್ರಗಳನ್ನು ನಿಮ್ಮಲ್ಲಿ ಕೆಲವರು ಪತ್ರಿಕೆಗಳಲ್ಲಿ ನೋಡಿರಬಹುದು.

ನಾನು ಈ ಹೊತ್ತು ಮಾತಾಡಬೇಕೆಂದಿರುವುದು ಆ ಚಿತ್ರಗಳ ಹಿಂದಿರುವ ಒಂದು ಸಣ್ಣ ದಾಖಲೆಯ ಬಗ್ಗೆ. ಪರೀಕ್ಷೆಗೆ ಬಂದ ಈ ಅಂಗಾಂಶದ ಚೂರನ್ನು ದೇಹದ ಯಾವ ಜಾಗದಿಂದ ತೆಗೆದರು? ಇದನ್ನು ಬಲ್ಲವರು ಕತ್ತರಿಸಿದವರು ಒಬ್ಬರೇ. ಅವರು ಆ ಹೊತ್ತಿನಲ್ಲೇ ಬರೆದಿಡದಿದ್ದರೆ, ಮುಂದೆ ಎಷ್ಟು ಕೋಟಿ ರೂಪಾಯಿಯ ಯಂತ್ರ ತಂದಿಟ್ಟರೂ ಆ ಸಂಗತಿ ಪೂರ್ತಿಯಾಗಿ ಮರಳಿ ಸಿಗುವುದಿಲ್ಲ. ಪೆಥಾಲಜಿ ವಿಭಾಗದಲ್ಲಿ ಕೆಲಸ ಮಾಡುವ ನಮಗೆ ಇದು ದಿನದಿನದ ಚಿಂತೆ.

ಜಾಗ ಯಾಕೆ ಅಷ್ಟು ಮುಖ್ಯ? ಲಿವರ್ ತೆಗೆದುಕೊಳ್ಳಿ. ಬರಿಗಣ್ಣಿಗೆ ಅದು ತುದಿಯಿಂದ ತುದಿಗೆ ಒಂದೇ ಥರ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಂದೆರಡು ಮಿಲಿಮೀಟರ್ ಅಗಲದ ಆರು ಮೂಲೆಯ ಸಣ್ಣ ಸಣ್ಣ ಘಟಕಗಳು ಲಕ್ಷಗಟ್ಟಲೆ ಸೇರಿ ಅದು ಆಗಿದೆ. ಪ್ರತಿ ಘಟಕದ ಅಂಚಿನಲ್ಲಿ ರಕ್ತ ಒಳಗೆ ಬರುತ್ತದೆ, ನಟ್ಟನಡುವಿನ ಅಭಿಧಮನಿಯಿಂದ ಹೊರಗೆ ಹೋಗುತ್ತದೆ. ಅಂಚಿನ ಕೋಶಗಳಿಗೆ ಆಮ್ಲಜನಕ ಧಾರಾಳ. ಅವು ಗ್ಲೂಕೋಸ್ ತಯಾರಿಸುವುದರಲ್ಲಿ ಮುಂದು. ನಡುವಿನ ಕೋಶಗಳಿಗೆ ಆಮ್ಲಜನಕ ಕಡಿಮೆ. ನಾವು ನುಂಗುವ ಔಷಧಿಗಳನ್ನು ಒಡೆದು ನಿಭಾಯಿಸುವ ಕೆಲಸ ಹೆಚ್ಚಾಗಿ ಅವುಗಳದು. ಜ್ವರಕ್ಕೆ ತೆಗೆದುಕೊಳ್ಳುವ ಪ್ಯಾರಾಸಿಟಮಾಲ್ ಅತಿಯಾದಾಗ ಮೊದಲು ಸಾಯುವುದು ಆ ನಡುವಿನ ಕೋಶಗಳೇ. ಅವುಗಳಿಂದ ಅರ್ಧ ಮಿಲಿಮೀಟರ್ ಆಚೆಗಿನವು ಉಳಿದುಕೊಂಡಿರುತ್ತವೆ. ಎರಡೂ ಲಿವರ್ ಕೋಶಗಳೇ, ಎರಡರ ಪಾಡೂ ಬೇರೆ. ‘ಲಿವರ್’ ಎಂದಷ್ಟೇ ಬರೆದ ಒಂದು ಚೂರಿನಿಂದ ಈ ವ್ಯತ್ಯಾಸ ಹೇಗೆ ತಿಳಿಯಬೇಕು?

ಕಿಡ್ನಿಯಲ್ಲೂ ಹೀಗೆಯೇ. ಹೊರಪದರದಲ್ಲಿ ರಕ್ತ ಸೋಸುವ ಗ್ಲೊಮೆರುಲಸ್ ಎಂಬ ಸಣ್ಣ ಉಂಡೆಗಳಿವೆ; ಒಳಭಾಗದಲ್ಲಿ ಅವು ಇಲ್ಲವೇ ಇಲ್ಲ. ಒಳಕ್ಕೆ ಹೋದಂತೆ ಆಮ್ಲಜನಕ ಇಳಿಯುತ್ತದೆ, ಕೋಶಗಳ ಸುತ್ತಲಿನ ದ್ರವದ ಸಾಂದ್ರತೆ ರಕ್ತದ್ದಕ್ಕಿಂತ ನಾಲ್ಕು ಪಟ್ಟಿನವರೆಗೂ ಏರುತ್ತದೆ. ಹೊರಪದರದ ಚೂರನ್ನೂ ಒಳಭಾಗದ ಚೂರನ್ನೂ ಅರಿಯದೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ, ಕಾಣುವ ವ್ಯತ್ಯಾಸ ರೋಗದ್ದೋ ಜಾಗದ್ದೋ ಎಂದು ಹೇಳುವುದು ಕಷ್ಟ. ಕರುಳಿನ ವಿಷಯ ಇನ್ನೂ ಸ್ಪಷ್ಟ. ಕಬ್ಬಿಣದ ಅಂಶ ಹೀರಿಕೊಳ್ಳುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬಿ12 ಜೀವಸತ್ವ ಹೀರಿಕೊಳ್ಳುವುದು ಅದರ ಕೊನೆಯ ಭಾಗದಲ್ಲಿ. ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಬಹಳ ಮಂದಿಯಲ್ಲಿ ಆ ಕೊನೆಯ ಭಾಗವನ್ನೇ ಹಿಡಿಯುತ್ತದೆ.

ಅಮೆರಿಕದಲ್ಲಿ 2010ರಲ್ಲಿ ಶುರುವಾದ ಜಿಟೆಕ್ಸ್ ಎಂಬ ಯೋಜನೆಯವರು ಇದನ್ನು ಚೆನ್ನಾಗಿ ಅರಿತಿದ್ದರು. ದೇಹದಾನಿಗಳಿಂದ ಚರ್ಮದ ಮಾದರಿ ತೆಗೆಯುವಾಗ ಎರಡು ಕಡೆಯಿಂದ ತೆಗೆದರು: ಮೊಣಕಾಲಿನ ಕೆಳಗೆ ಒಂದು, ಕಿಬ್ಬೊಟ್ಟೆಯ ಕೆಳಗೆ ಒಂದು. ಒಂದು ಬಿಸಿಲು ಬಿದ್ದ ಚರ್ಮ, ಇನ್ನೊಂದು ಬಿಸಿಲು ಕಾಣದ ಚರ್ಮ. ವ್ಯಕ್ತಿ ಒಬ್ಬರೇ, ಅಂಗವೂ ಒಂದೇ. ಆದರೂ ಬಿಸಿಲಿಗೆ ತೆರೆದುಕೊಂಡ ಚರ್ಮದ ಜೀನುಗಳ ವರ್ತನೆ ಬೇರೆ ಇರುತ್ತದೆಂದು ಮೊದಲೇ ಎಣಿಸಿ ಎರಡನ್ನೂ ಬೇರೆ ಹೆಸರಿನಲ್ಲಿ ದಾಖಲಿಸಿದರು. ಅಂಥ ಮುಂದಾಲೋಚನೆಯ ಬಗ್ಗೆ ನನಗೆ ತುಂಬ ಗೌರವ.

ಹಾಗೆಂದು ಜಾಗ ಗುರುತಿಟ್ಟುಕೊಳ್ಳುವುದು ಈ ಯೋಜನೆಗಳವರು ಹೊಸದಾಗಿ ಕಂಡುಹಿಡಿದದ್ದಲ್ಲ. ಶಸ್ತ್ರವೈದ್ಯರು ಬಹುಕಾಲದಿಂದ ಇದನ್ನು ಮಾಡುತ್ತ ಬಂದಿದ್ದಾರೆ. ಸ್ತನದ ಗಂಟನ್ನು ತೆಗೆದಾಗ ಅದರ ಮೇಲ್ಬದಿಗೆ ಗಿಡ್ಡ ದಾರ, ಹೊರಮಗ್ಗುಲಿಗೆ ಉದ್ದ ದಾರ ಹೊಲಿದು ಕಳಿಸುವ ಪದ್ಧತಿ ಇದೆ. ನಮ್ಮ ಮೇಜಿಗೆ ಬಂದ ಮೇಲೆ ನಾವು ಒಂದೊಂದು ಬದಿಗೆ ಒಂದೊಂದು ಬಣ್ಣದ ಇಂಕು ಬಳಿದು ಆಮೇಲೆ ಕತ್ತರಿಸುತ್ತೇವೆ. ಕ್ಯಾನ್ಸರ್ ಕೋಶಗಳು ನೀಲಿ ಇಂಕನ್ನು ಮುಟ್ಟಿವೆ ಎಂದರೆ, ಯಾವ ಬದಿಯಲ್ಲಿ ಇನ್ನಷ್ಟು ತೆಗೆಯಬೇಕು ಎಂದು ಶಸ್ತ್ರವೈದ್ಯರಿಗೆ ಗೊತ್ತಾಗುತ್ತದೆ. ಗಂಟಿನ ಜಾಗವನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುತ್ತೇವೆ: ಎಡ ಸ್ತನ, ಎರಡು ಗಂಟೆಯ ದಿಕ್ಕು, ತೊಟ್ಟಿನಿಂದ 3 ಸೆಂಟಿಮೀಟರ್. ದೊಡ್ಡ ಕರುಳಿನಲ್ಲಾದರೆ ಗುದದ್ವಾರದ ಅಂಚಿನಿಂದ ಇಷ್ಟು ಸೆಂಟಿಮೀಟರ್ ಎಂದು ಬರೆಯುತ್ತೇವೆ. ಇವೆಲ್ಲ ಒಬ್ಬ ರೋಗಿಯ ಚಿಕಿತ್ಸೆಗೆ ಸಾಕು. ಸಾವಿರಾರು ಜನರ ಚೂರುಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸಬೇಕಾದಾಗ ಮಾತ್ರ ಸಾಲದು.

ಹಳೆಯ ಕ್ರಯಪತ್ರಗಳಲ್ಲಿ ಜಮೀನಿಗೆ ಚೆಕ್ಕುಬಂದಿ ಬರೆಯುತ್ತಿದ್ದುದು ನಿಮಗೆ ಗೊತ್ತು: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಗುಡಿಯ ಮಾನ್ಯ. ಆಮೇಲೆ ಸರಪಳಿ ಹಿಡಿದು ಅಳೆದು ಸರ್ವೆ ನಂಬರು ಕೊಟ್ಟರು. ಚೆಕ್ಕುಬಂದಿ ನೆರೆಹೊರೆಯನ್ನು ಹೇಳುತ್ತದೆ, ಅಳತೆ ನಿಖರವಾದ ಸ್ಥಾನವನ್ನು ಹೇಳುತ್ತದೆ. ತಗಾದೆ ಬಂದಾಗ ಎರಡನ್ನೂ ತೆರೆದು ನೋಡುತ್ತಾರೆ. ಅಂಗಾಂಶದ ದಾಖಲೆಗೂ ಈ ಎರಡೂ ಬೇಕು.

ಹಬ್‌ಮ್ಯಾಪ್ ಯೋಜನೆಗಾಗಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೇಟಿ ಬೋರ್ನರ್ ಅವರ ತಂಡ ಇದಕ್ಕೊಂದು ಸಾಧನ ಮಾಡಿತು. ಕಂಪ್ಯೂಟರ್ ಪರದೆಯ ಮೇಲೆ ಆಯಾ ಅಂಗದ ಮೂರು ಆಯಾಮದ ಮಾದರಿ ತೆರೆದುಕೊಳ್ಳುತ್ತದೆ. ಹೆಣ್ಣಿನದು ಬೇರೆ, ಗಂಡಿನದು ಬೇರೆ, ಎಡದ್ದು ಬೇರೆ, ಬಲದ್ದು ಬೇರೆ. ಚೂರು ತೆಗೆದವರು ಅದರ ಉದ್ದ, ಅಗಲ, ದಪ್ಪವನ್ನು ಮಿಲಿಮೀಟರಿನಲ್ಲಿ ತುಂಬುತ್ತಾರೆ. ಅಷ್ಟು ಗಾತ್ರದ ಒಂದು ಪೆಟ್ಟಿಗೆ ಪರದೆಯ ಮೇಲೆ ಮೂಡುತ್ತದೆ. ಅದನ್ನು ಎಳೆದು, ಬೇಕಾದ ಕಡೆಗೆ ತಿರುಗಿಸಿ, ನಿಜವಾಗಿ ಎಲ್ಲಿಂದ ಕತ್ತರಿಸಿದರೋ ಅಲ್ಲಿ ಕೂರಿಸುತ್ತಾರೆ. ಆ ಪೆಟ್ಟಿಗೆ ಅಂಗದ ಯಾವ ಯಾವ ಒಳಭಾಗಗಳನ್ನು ಮುಟ್ಟುತ್ತಿದೆ ಎಂದು ಕಂಪ್ಯೂಟರು ತಾನೇ ಲೆಕ್ಕ ಹಾಕಿ ಪಟ್ಟಿ ಕೊಡುತ್ತದೆ. ಕೊನೆಗೆ ಸ್ಥಾನ, ತಿರುವು, ಗಾತ್ರ, ಮುಟ್ಟಿದ ಭಾಗಗಳು, ದಾಖಲಿಸಿದವರ ಹೆಸರು, ದಿನಾಂಕ ಎಲ್ಲವೂ ಒಂದು ಪುಟ್ಟ ಕಡತದಲ್ಲಿ ಉಳಿಯುತ್ತವೆ. ಪಟ್ಟಿಯಲ್ಲಿ ಪ್ರತಿ ಭಾಗಕ್ಕೂ ಉಬೆರಾನ್ ಎಂಬ ಅಂಗರಚನೆಯ ಪದಕೋಶದ ಒಂದು ಸಂಖ್ಯೆ ಇರುತ್ತದೆ. ಕಿಡ್ನಿಗೆ 0002113, ಹೃದಯಕ್ಕೆ 0000948. ಜಪಾನಿನಲ್ಲಿ ಬರೆದದ್ದನ್ನು ಜರ್ಮನಿಯವರು ಹುಡುಕಬೇಕಾದರೂ ಈ ಸಂಖ್ಯೆ ಸಾಕು.

ಅಳತೆ ತಪ್ಪದಂತೆ ಕತ್ತರಿಸಲಿಕ್ಕೂ ಉಪಾಯ ಮಾಡಿದ್ದಾರೆ. ಅಂಗದ ಆಕಾರಕ್ಕೆ ಸರಿಯಾದ ಅಚ್ಚನ್ನು ತ್ರೀಡಿ ಮುದ್ರಣದಲ್ಲಿ ತಯಾರಿಸಿ, ಸಮ ಅಂತರದಲ್ಲಿ ಸೀಳು ಬಿಟ್ಟಿರುತ್ತಾರೆ. ಅಂಗವನ್ನು ಅದರೊಳಗೆ ಕೂರಿಸಿ ಸೀಳುಗಳಲ್ಲಿ ಅಲಗು ಹಾಯಿಸಿದರೆ ಪ್ರತಿ ಚೂರಿನ ಸಾಲೂ ಅಂಕಣವೂ ಮೊದಲೇ ಗೊತ್ತಿರುತ್ತವೆ.

ಕರುಳಿನ ಬಗ್ಗೆ ಯೋಚಿಸಿದವರು ಬೇರೆ ದಾರಿ ಹಿಡಿದರು, ಅದು ನನಗೆ ಬಹಳ ಹಿಡಿಸಿದೆ. ಕರುಳು ಹೊಟ್ಟೆಯೊಳಗೆ ಸದಾ ಜರುಗುತ್ತಿರುತ್ತದೆ. ಇವತ್ತು ಬಲಕ್ಕಿದ್ದ ಸುರುಳಿ ನಾಳೆ ನಡುವಿಗೆ ಬಂದಿರಬಹುದು. ಸಣ್ಣ ಕರುಳು ಒಬ್ಬರಲ್ಲಿ ನಾಲ್ಕು ಮೀಟರ್ ಇದ್ದರೆ ಇನ್ನೊಬ್ಬರಲ್ಲಿ ಎಂಟು ಮೀಟರ್ ಇರಬಹುದು. ಅಂಥ ಅಂಗಕ್ಕೆ ಮೂರು ಆಯಾಮದ ಸ್ಥಾನ ಹೇಳಿ ಪ್ರಯೋಜನವೇನು? ಆದ್ದರಿಂದ ಕರುಳಿನ ನಡುವೆ ಉದ್ದಕ್ಕೂ ಒಂದು ಗೆರೆ ಹಾಯುತ್ತದೆ ಎಂದು ಭಾವಿಸಿ, ಎಲ್ಲರಲ್ಲೂ ಇರುವ ಗುರುತುಗಳನ್ನು ಅದರ ಮೇಲೆ ನಿಲ್ಲಿಸಿದರು: ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕವಾಟ, ಲಿವರ್ ಕೆಳಗಿನ ತಿರುವು, ಗುಲ್ಮದ ಬಳಿಯ ತಿರುವು. ಈ ಗುರುತಿನಿಂದ ಆ ಗುರುತಿಗೆ ಹೋಗುವ ದಾರಿಯಲ್ಲಿ ಚೂರು ಎಷ್ಟನೆಯ ಭಾಗದಲ್ಲಿತ್ತು ಎಂದರೆ ಸಾಕು. ಉದ್ದನೆಯ ಕರುಳಿಗೂ ಗಿಡ್ಡ ಕರುಳಿಗೂ ಒಂದೇ ಲೆಕ್ಕ ಹೊಂದುತ್ತದೆ. ಎಡಿನ್‌ಬರೋದ ವಿಜ್ಞಾನಿಗಳು ಈ ಬಗೆಯ ಮಾದರಿಯ ಮೇಲೆ ಕೆಲಸ ಮಾಡಿದ್ದಾರೆ. ಇನ್ನೂ ಕೆಲವರು ರಕ್ತನಾಳಗಳನ್ನೇ ಅಳತೆಗೆ ಆಧಾರ ಮಾಡಿಕೊಳ್ಳೋಣ ಎನ್ನುತ್ತಾರೆ. ಬಹುತೇಕ ಪ್ರತಿ ಕೋಶದ ಹತ್ತಿರವೂ ಒಂದು ಸೂಕ್ಷ್ಮ ರಕ್ತನಾಳ ಇದ್ದೇ ಇರುತ್ತದೆ. ಹೃದಯದಿಂದ ಕವಲು ಕವಲಾಗಿ ಹೊರಟ ದಾರಿ ಅಲ್ಲಿಗೆ ಮುಟ್ಟಿರುತ್ತದೆ. ನಾನು ಮೊದಲು ಹೇಳಿದ ಲಿವರ್ ಘಟಕದಂಥ ಕಡೆ ಇದೇ ಸರಿಯಾದ ಅಳತೆಗೋಲು ಎಂದು ನನ್ನ ಎಣಿಕೆ.

ಮೂರು ಆಯಾಮದಲ್ಲಿ ಸ್ಥಾನ ಹೇಳುವ ಅಳತೆ ಮೆದುಳಿಗೆ ಮೊದಲೇ ಬಂದಿತ್ತು. ಪ್ಯಾರಿಸ್ಸಿನ ಶಸ್ತ್ರವೈದ್ಯ ತಾಲೈರಾಕ್ ಅವರು ಸಹೋದ್ಯೋಗಿ ಟೂರ್ನೂ ಜೊತೆಗೆ 1988ರಲ್ಲಿ ಹೊರತಂದ ಅಟ್ಲಾಸಿನಲ್ಲಿ, ಮೆದುಳಿನೊಳಗಿನ ಒಂದು ಸಣ್ಣ ನರಸೇತುವೆಯನ್ನು ಸೊನ್ನೆ ಎಂದು ಹಿಡಿದು ಎಲ್ಲ ದಿಕ್ಕುಗಳಿಗೂ ಮಿಲಿಮೀಟರಿನಲ್ಲಿ ಅಳತೆ ಕೊಟ್ಟರು. ವರ್ಷಗಳ ಕಾಲ ಜಗತ್ತಿನ ಮೆದುಳು ಸಂಶೋಧಕರೆಲ್ಲ ಆ ಅಂಕಿಗಳಲ್ಲೇ ಮಾತಾಡಿದರು. ಆ ಪುಸ್ತಕ ನಿಂತಿದ್ದುದು 60 ವರ್ಷದ ಒಬ್ಬ ಫ್ರೆಂಚ್ ಮಹಿಳೆಯ ಮೆದುಳಿನ ಮೇಲೆ. ಎಲ್ಲರ ಮೆದುಳನ್ನೂ ಒಬ್ಬರ ಮೆದುಳಿಗೆ ಹೊಂದಿಸಿ ನೋಡುವ ತೊಡಕು ಅಲ್ಲಿಂದಲೇ ಶುರುವಾಯಿತು. ಆಮೇಲೆ ನೂರಾರು ಜನರ ಸ್ಕ್ಯಾನುಗಳ ಸರಾಸರಿ ತೆಗೆದು ಅದನ್ನು ತಿದ್ದಿದರು.

ಇಡೀ ದೇಹದ ಮಾದರಿಗೂ ಇಂಥದೇ ಹಿನ್ನೆಲೆ ಇದೆ. ಹಬ್‌ಮ್ಯಾಪಿನ ಎಷ್ಟೋ ಅಂಗಗಳ ಮಾದರಿಗಳು ಅಮೆರಿಕದ ವಿಸಿಬಲ್ ಹ್ಯೂಮನ್ ಯೋಜನೆಯಿಂದ ಬಂದವು. 1993ರಲ್ಲಿ ಟೆಕ್ಸಸ್‌ನಲ್ಲಿ ಮರಣದಂಡನೆಗೆ ಗುರಿಯಾದ 39 ವರ್ಷದ ಒಬ್ಬ ವ್ಯಕ್ತಿ ತನ್ನ ದೇಹವನ್ನು ವಿಜ್ಞಾನಕ್ಕೆ ಬರೆದುಕೊಟ್ಟಿದ್ದ. ಆ ದೇಹವನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರಿಗೆ ಒಂದರಂತೆ 1871 ಪದರಗಳಲ್ಲಿ ಚಿತ್ರ ತೆಗೆದು 1994ರಲ್ಲಿ ಹೊರತಂದರು. ಮರುವರ್ಷ ಮೇರಿಲ್ಯಾಂಡಿನ 59 ವರ್ಷದ ಮಹಿಳೆಯೊಬ್ಬರ ದೇಹದ 5 ಸಾವಿರಕ್ಕೂ ಹೆಚ್ಚು ಪದರಗಳ ಚಿತ್ರಗಳು ಬಂದವು. ಇವು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ತೆಳು. ಆ ಪುರುಷನ ಗುರುತನ್ನು ಪತ್ರಕರ್ತರು ಬೇಗನೆ ಪತ್ತೆ ಹಚ್ಚಿದರು. ಮಹಿಳೆಯ ಹೆಸರು ಗುಟ್ಟಾಗಿಯೇ ಉಳಿಯಿತು. ಈ ಇಬ್ಬರಿಗೂ ವಿಜ್ಞಾನ ಎಷ್ಟು ಋಣಿ ಎಂದು ಹೇಳಿ ಮುಗಿಯದು. ಆದರೂ ಇಬ್ಬರು ಎಲ್ಲರಾಗುವುದಿಲ್ಲ. ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರ ಕಿಡ್ನಿಗೆ ಒಂದಕ್ಕಿಂತ ಹೆಚ್ಚು ಅಪಧಮನಿ ಇರುತ್ತದೆ. ಮಗುವಿನ ಅಂಗ ದೊಡ್ಡವರ ಅಂಗದ ಕಿರಿಯ ನಕಲಲ್ಲ. ಕತ್ತರಿಸಿದ ಕರುಳು ಕೈಯಲ್ಲೇ ಕುಗ್ಗುತ್ತದೆ, ಫಾರ್ಮಲಿನ್‌ನಲ್ಲಿ ಇಟ್ಟ ಮೇಲೆ ಮತ್ತಷ್ಟು ಕುಗ್ಗುತ್ತದೆ. ದೇಹದೊಳಗೆ ಅಳೆದ 10 ಸೆಂಟಿಮೀಟರ್ ಮೇಜಿನ ಮೇಲೆ 10 ಇರುವುದಿಲ್ಲ. ಅಳತೆ ಯಾವಾಗ ತೆಗೆದದ್ದು ಎಂಬುದೂ ದಾಖಲೆಗೆ ಸೇರಬೇಕು.

ಇನ್ನೊಂದು ಮಾತು. ಜಾಗ ಸರಿಯಾಗಿ ನೆನಪಿಲ್ಲದಿದ್ದರೆ ಪರದೆಯ ಮೇಲೆ ಅಂದಾಜಿಗೆ ಒಂದು ಕಡೆ ಕೂರಿಸಿಬಿಡುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಮೂರು ಅಂಕಿಗಳ ನಿಖರತೆ ಹೊತ್ತ ಸುಳ್ಳೊಂದು ನಕ್ಷೆಯೊಳಗೆ ಸೇರುತ್ತದೆ, ಅದನ್ನು ಮುಂದೆ ಯಾರೂ ಸುಳ್ಳೆಂದು ಗುರುತಿಸಲಾರರು. ‘ಎಡ ಕಿಡ್ನಿ, ಮೇಲಿನ ಅರ್ಧ, ಅದಕ್ಕಿಂತ ಖಚಿತವಾಗಿ ಗೊತ್ತಿಲ್ಲ’ ಎಂದು ಬರೆದದ್ದೇ ಎಷ್ಟೋ ಮೇಲು.

ಗುರುತು ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಪಾಠ ಇದೆ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಜನಾಂಗದ ತಾಯಿಯ ಗರ್ಭಕೊರಳಿನ ಕ್ಯಾನ್ಸರಿನಿಂದ ಚೂರೊಂದನ್ನು ತೆಗೆದರು. ಸಂಶೋಧನೆಗೆ ಬಳಸುತ್ತೇವೆಂದು ಆಕೆಯನ್ನು ಕೇಳಲಿಲ್ಲ. ಆ ಕೋಶಗಳು ಪ್ರಯೋಗಾಲಯದಲ್ಲಿ ನಿಲ್ಲದೆ ಬೆಳೆದು, ಹೀಲಾ ಎಂಬ ಹೆಸರಿನಲ್ಲಿ ಜಗತ್ತಿನ ತುಂಬ ಹರಡಿದವು. ಎಷ್ಟು ಚುರುಕಾಗಿ ಬೆಳೆದವೆಂದರೆ, ಪಕ್ಕದ ಪಾತ್ರೆಗಳಿಗೆ ನುಸುಳಿ ಅಲ್ಲಿದ್ದ ಕೋಶಗಳನ್ನು ಹಿಂದಿಕ್ಕಿ ತಾವೇ ತುಂಬಿಕೊಂಡವು. ಪಾತ್ರೆಯ ಮೇಲಿನ ಚೀಟಿ ಮಾತ್ರ ಹಾಗೆಯೇ ಉಳಿಯಿತು. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ, ಬೇರೆ ಬೇರೆ ಜನರ ಬೇರೆ ಬೇರೆ ಅಂಗಗಳದ್ದೆಂದು ನಂಬಿದ್ದ 18 ಕೋಶ ಸಂತತಿಗಳು ಹೀಲಾ ಕೋಶಗಳೇ ಎಂದು ಒಂದು ಕಿಣ್ವದ ಸಾಕ್ಷ್ಯದಿಂದ ತೋರಿಸಿದರು. ಲಿವರಿನದೆಂದೂ ಕರುಳಿನದೆಂದೂ ಹೆಸರಿಟ್ಟುಕೊಂಡ ಕೋಶಗಳ ಮೇಲೆ ಆಮೇಲೂ ಎಷ್ಟೋ ವರ್ಷ ಪ್ರಬಂಧಗಳು ಬಂದವು. ಓದಿದವರು ಲಿವರ್ ಬಗ್ಗೆ ಓದುತ್ತಿದ್ದೇವೆ ಎಂದುಕೊಂಡರು, ಪಾತ್ರೆಯಲ್ಲಿದ್ದದ್ದು ಹೆನ್ರಿಯೆಟಾ ಅವರ ಗರ್ಭಕೊರಳಿನ ಕ್ಯಾನ್ಸರ್. ಯಾವ ಜಾಗದ್ದು ಎಂಬುದೂ ಮರೆಯಿತು, ಯಾರದ್ದು ಎಂಬುದೂ ಮರೆಯಿತು. ಆಕೆಯ ಮನೆಯವರಿಗೆ ಇದು ತಿಳಿದದ್ದು 1970ರ ದಶಕದಲ್ಲಿ.

ಯಾರದ್ದು ಎಂಬ ಪ್ರಶ್ನೆಯನ್ನು ಬಿಟ್ಟು ಎಲ್ಲಿಯದು ಎಂಬುದನ್ನಷ್ಟೇ ನೋಡಲು ಆಗುವುದಿಲ್ಲ. ವಿಯೆನ್ನಾದ ಎಡುವಾರ್ಡ್ ಪೆರ್ನ್‌ಕಾಫ್ ಅವರ ಅಂಗರಚನೆಯ ಅಟ್ಲಾಸ್ ಚಿತ್ರಗಳ ಸೊಬಗಿಗೂ ಸೂಕ್ಷ್ಮತೆಗೂ ಹೆಸರಾದದ್ದು. ಆತ ನಾಜಿ ಪಕ್ಷದವನು. ವಿಯೆನ್ನಾ ವಿಶ್ವವಿದ್ಯಾಲಯ ನಡೆಸಿದ ತನಿಖೆಯ ವರದಿ 1998ರಲ್ಲಿ ಬಂದಾಗ, ನಾಜಿ ಆಳ್ವಿಕೆಯಲ್ಲಿ ಕೊಲ್ಲಲ್ಪಟ್ಟ ಕನಿಷ್ಠ 1377 ಜನರ ದೇಹಗಳು ಅಲ್ಲಿನ ಅಂಗರಚನಾ ವಿಭಾಗಕ್ಕೆ ಬಂದಿದ್ದವು ಎಂದು ಹೊರಬಿತ್ತು. ಚಿತ್ರದಲ್ಲಿ ನರ ಎಲ್ಲಿ ಹಾಯುತ್ತದೆ ಎಂಬುದು ಕೂದಲೆಳೆಯಷ್ಟೂ ತಪ್ಪದಂತೆ ಸ್ಪಷ್ಟವಾಗಿದೆ. ಆ ನರ ಯಾರ ಮೈಯದು ಎಂದು ಹೇಳುವ ಸಾಲು ಇಲ್ಲ.

ಹಾಗಾದರೆ ಹೊಸ ಅಟ್ಲಾಸುಗಳಲ್ಲಿ ಹೆಸರು ಬರೆಯಬೇಕೇ? ಬೇಡ. ವಯಸ್ಸು, ಊರು, ಕಾಯಿಲೆ, ತೆಗೆದ ದಿನಾಂಕ ಇಷ್ಟು ಸೇರಿದರೇ ಒಬ್ಬರನ್ನು ಪತ್ತೆ ಹಚ್ಚಬಹುದು. ವಿಸಿಬಲ್ ಹ್ಯೂಮನ್ ಯೋಜನೆಯಲ್ಲಿ ಆದದ್ದು ಅದೇ. ಆದ್ದರಿಂದ ಎಲ್ಲರಿಗೂ ಕಾಣುವ ದಾಖಲೆಯಲ್ಲಿ ಸಂಕೇತ ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆಯಿಂದ ವ್ಯಕ್ತಿಗೆ ಹೋಗುವ ಕೀಲಿ ಮಾದರಿ ಸಂಗ್ರಹಿಸಿದ ಆಸ್ಪತ್ರೆಯಲ್ಲೇ ಭದ್ರವಾಗಿರಬೇಕು, ಅಲ್ಲಿಂದ ಅಳಿಸಿಹೋಗಬಾರದು. ಯಾಕೆಂದರೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕು ದಾನಿಗಿದೆ. ಕೀಲಿ ಕಳೆದರೆ ಅವರ ಚೂರು ಯಾವುದೆಂದು ಹುಡುಕುವವರು ಯಾರು? ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿ ಜೈವಿಕ ಮಾದರಿಗಳ ಸಂಗ್ರಹ ಮತ್ತು ಒಪ್ಪಿಗೆಗೆಂದೇ ಒಂದು ಅಧ್ಯಾಯ ಇಟ್ಟಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕು ನಡೆಯುತ್ತಿದೆ. ತೀರಿಕೊಂಡವರ ಮನೆಯವರು ಒಪ್ಪಿಗೆ ಕೊಟ್ಟ ಮೇಲೆ ಅಲ್ಲಿ ಮೆದುಳನ್ನು ಸಂಗ್ರಹಿಸಿ ಸಂಶೋಧಕರಿಗೆ ಒದಗಿಸುತ್ತಾರೆ. ಅಂಥ ಗಳಿಗೆಯಲ್ಲಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವುದು ಎಷ್ಟು ಕಷ್ಟ ಎಂದು ಊಹಿಸಿ. ಮದ್ರಾಸಿನ ಐಐಟಿಯವರು 2024ರ ಡಿಸೆಂಬರಿನಲ್ಲಿ ಗರ್ಭಸ್ಥ ಶಿಶುವಿನ ಮೆದುಳಿನ ಧರಣಿ ಎಂಬ ಅಟ್ಲಾಸನ್ನು ಎಲ್ಲರಿಗೂ ತೆರೆದಿಟ್ಟರು. 5132 ಛೇದಗಳ ಚಿತ್ರಗಳಿಂದ ಅದು ರೂಪುಗೊಂಡಿದೆ. ನಮ್ಮ ನೆಲದ ಜನರ ದೇಹ ಜಗತ್ತಿನ ನಕ್ಷೆಯಲ್ಲಿ ಹೀಗೆ ಜಾಗ ಪಡೆಯಬೇಕು ಎಂಬುದು ನನ್ನ ಆಸೆ.

ಅದಕ್ಕೆ ಅಡ್ಡಿ ಎಲ್ಲಿದೆ ಎಂದು ಕೇಳಿದರೆ ನಾನು ದುಡ್ಡಿನ ಹೆಸರು ಮೊದಲು ಹೇಳುವುದಿಲ್ಲ. ಬಯಾಪ್ಸಿ ಡಬ್ಬಿಯ ಜೊತೆ ಬರುವ ಫಾರಂನಲ್ಲಿ ‘ಕರುಳಿನ ಚೂರು’ ಎಂದು ಎರಡೇ ಪದ ಬರೆದು ಕಳಿಸಿದ್ದನ್ನು ನಾನು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದೇನೆ. ಫೋನ್ ಮಾಡಿ ಕೇಳಿದರೆ ಕತ್ತರಿಸಿದ ಡಾಕ್ಟರು ಬೇರೆ ಡ್ಯೂಟಿಗೆ ಹೋಗಿರುತ್ತಾರೆ. ಆ ಫಾರಂನಲ್ಲಿ ಇನ್ನು ನಾಲ್ಕು ಸಂಗತಿಗಳಿಗೆ ಜಾಗ ಬೇಕು: ಎಡವೋ ಬಲವೋ; ಯಾವ ಗುರುತಿನಿಂದ ಎಷ್ಟು ಸೆಂಟಿಮೀಟರ್; ಅಳೆದದ್ದು ದೇಹದೊಳಗೋ ತೆಗೆದ ಮೇಲೋ; ಅಂಗದ ಒಂದು ಗೆರೆಚಿತ್ರ, ಅದರ ಮೇಲೆ ಪೆನ್ನಿನಲ್ಲಿ ಒಂದು ಬಾಣದ ಗುರುತು. ಇಷ್ಟಿದ್ದರೆ ಹತ್ತು ವರ್ಷದ ನಂತರವೂ ಯಾರಾದರೂ ಆ ಚೂರನ್ನು ಪರದೆಯ ಮೇಲಿನ ಅಂಗದೊಳಗೆ ತಕ್ಕ ಸ್ಥಳದಲ್ಲಿ ಕೂರಿಸಬಹುದು. ತಾಲ್ಲೂಕು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲೂ ಒಂದು ಸ್ಕೇಲು, ಒಂದು ಪೆನ್ನು ಇದ್ದೇ ಇರುತ್ತದೆ.

ಇನ್ನು ನಿಮ್ಮ ಮನೆಯವರ ಆಪರೇಷನ್ ಆಗುವಾಗ, ತೆಗೆದ ಅಂಗಾಂಶವನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಯಾರಾದರೂ ಕೇಳಿದರೆ, ಹೆದರಬೇಡಿ, ಅವಸರವಾಗಿ ಸಹಿಯನ್ನೂ ಹಾಕಬೇಡಿ. ಏನನ್ನು ಇಟ್ಟುಕೊಳ್ಳುತ್ತೀರಿ, ಎಲ್ಲಿಡುತ್ತೀರಿ, ಯಾರು ನೋಡುತ್ತಾರೆ, ಬೇಡವೆನಿಸಿದರೆ ಒಪ್ಪಿಗೆಯನ್ನು ವಾಪಸು ಹೇಗೆ ಪಡೆಯುವುದು ಎಂದು ಕೇಳಿ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಿರಿ. ಹೇಳುವುದು ಅವರ ಕರ್ತವ್ಯ.